ಮೊಣಕೈಯ ಮಡಿಕೆಯಲ್ಲಿ ಕೇಳಿಸುವ ಬಿಪಿ

ಬೆಳ್ತಂಗಡಿಯ ಒಳಗಿನ ಊರುಗಳಿಂದ ಆಸ್ಪತ್ರೆಗೆ ಹೊರಡುವುದೆಂದರೆ ಗುಡ್ಡೆ ಇಳಿದು, ತೋಟ ದಾಟಿ, ಮಾರ್ಗದ ಬದಿಯಲ್ಲಿ ಬಸ್ಸಿಗೆ ಕಾಯಬೇಕು. ಬಂಟ್ವಾಳದ ಬಿ.ಸಿ. ರೋಡಿನಲ್ಲೋ ಮೂಡುಬಿದಿರೆ ಪೇಟೆಯಲ್ಲೋ ಇಳಿದು, ಚೀಟಿ ಮಾಡಿಸಿ, ಡಾಕ್ಟರ ಎದುರು ಕೂತ ಕೂಡಲೇ ತೋಳಿಗೆ ಪಟ್ಟಿ ಸುತ್ತುತ್ತಾರೆ. ಆಗ ಸಿಗುವ ಅಂಕಿಯಲ್ಲಿ ಓಡಾಟದ ಆಯಾಸವೂ ಬಿಳಿ ಕೋಟಿನ ಅಂಜಿಕೆಯೂ ಸೇರಿರುತ್ತವೆ. ಕೆಲವರಲ್ಲಿ ಇದಕ್ಕೆ ತಿರುಗುಮುರುಗು: ಆಸ್ಪತ್ರೆಯಲ್ಲಿ ಸರಿಯಿದ್ದ ಬಿಪಿ ಮನೆಯಲ್ಲಿ ಏರಿರುತ್ತದೆ. ಆದ್ದರಿಂದಲೇ ವೈದ್ಯರು ಮನೆಯಲ್ಲೂ ನೋಡಿಕೊಳ್ಳಿ ಎನ್ನುತ್ತಾರೆ.

ಅದಕ್ಕೆ ಈಗ ಬ್ಯಾಟರಿ ಯಂತ್ರಗಳು ಧಾರಾಳ ಸಿಗುತ್ತವೆ, ಹೆಚ್ಚಿನವರಿಗೆ ಅದೇ ಅನುಕೂಲ. ಆದರೆ ಎದೆಬಡಿತ ಏರುಪೇರಾಗಿರುವವರಲ್ಲಿ ಅವು ತಪ್ಪುವುದುಂಟು. ರಬ್ಬರ್ ಬಲ್ಬು ಒತ್ತಿ, ಸ್ಟೆತಸ್ಕೋಪ್ ಇಟ್ಟು ನೋಡುವ ಡಯಲ್ ಯಂತ್ರ ಅಲ್ಲಿ ಈಗಲೂ ಬೇಕು. ಅದು ಒತ್ತಡವನ್ನು ತೋರಿಸುತ್ತದೆ ಅಷ್ಟೇ. ಬಿಪಿ ಎಷ್ಟೆಂದು ಹೇಳಬೇಕಾದದ್ದು ನಮ್ಮ ಕಿವಿ.

ತೋಟಕ್ಕೆ ನೀರು ಬಿಡುವ ಪೈಪನ್ನು ಕಾಲಿನಿಂದ ಪೂರ್ತಿ ಮೆಟ್ಟಿದರೆ ನೀರು ನಿಲ್ಲುತ್ತದೆ, ಸದ್ದೂ ಇಲ್ಲ. ಕಾಲು ತುಸು ಸಡಿಲಿಸಿದರೆ ಇಕ್ಕಟ್ಟಿನಲ್ಲಿ ನುಗ್ಗುವ ನೀರು ಸದ್ದು ಮಾಡುತ್ತದೆ. ಪೂರ್ತಿ ತೆಗೆದರೆ ಮತ್ತೆ ಸದ್ದಿಲ್ಲದೆ ಹರಿಯುತ್ತದೆ. ತೋಳಿನ ರಕ್ತನಾಳದಲ್ಲಿ ನಡೆಯುವುದೂ ಇದೇ. ಪಟ್ಟಿಯ ಗಾಳಿ ನಾಳವನ್ನು ಅಮುಕಿರುವಾಗ ಮೊಣಕೈಯ ಮಡಿಕೆ ಮೌನ. ಗಾಳಿ ಬಿಡುತ್ತ ಬಂದಂತೆ, ಹೃದಯ ಒತ್ತಿ ಕಳಿಸುವ ರಕ್ತ ಮೊದಲ ಬಾರಿ ನುಸುಳಿದಾಗ 'ಟಕ್' ಎನ್ನುತ್ತದೆ. ಆಗ ಮುಳ್ಳು ತೋರಿಸುವುದು ಮೇಲಿನ ಅಂಕಿ. ಸದ್ದು ಪೂರ್ತಿ ಅಡಗಿದಾಗಿನದು ಕೆಳಗಿನ ಅಂಕಿ.

ಹಿಂದೆ ರಕ್ತದ ಒತ್ತಡ ಅಳೆಯಲೆಂದು ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಕುದುರೆಯ ರಕ್ತನಾಳಕ್ಕೇ ಉದ್ದದ ಗಾಜಿನ ಕೊಳವೆ ಜೋಡಿಸಿದಾಗ ರಕ್ತ 8 ಅಡಿಗೂ ಮೇಲೇರಿತ್ತು. ಅದನ್ನು ಅವರು ಪ್ರಕಟಿಸಿದ್ದು 1733ರಲ್ಲಿ. ಜೀವಕ್ಕೆ ನೋವಾಗದಂತೆ ತೋಳಿಗೆ ಪಟ್ಟಿ ಸುತ್ತಿ ಪಾದರಸದಿಂದ ಅಳೆಯುವ ಉಪಕರಣ ಇಟಲಿಯ ರಿವಾ-ರೋಚಿ ಅವರದು, 1896ರದು. ಅವರು ನಾಡಿ ಮುಟ್ಟಿ ನೋಡುತ್ತಿದ್ದರು, ಹಾಗಾಗಿ ಮೇಲಿನ ಅಂಕಿ ಮಾತ್ರ ಸಿಗುತ್ತಿತ್ತು. 1905ರಲ್ಲಿ ರಷ್ಯಾದ ವೈದ್ಯ ನಿಕೊಲಾಯ್ ಕೊರೊಟ್ಕೊವ್ ಮೊಣಕೈಯ ಮಡಿಕೆಯಲ್ಲಿ ಸ್ಟೆತಸ್ಕೋಪ್ ಇಟ್ಟು ಆಲಿಸಿದರು. ಇಂದಿಗೂ ಆ ಸದ್ದಿಗೆ ಅವರದೇ ಹೆಸರು. ಡಯಲ್ ಯಂತ್ರದೊಳಗೆ ಪಾದರಸವಿಲ್ಲ. ತೆಳು ಲೋಹದ ಡಬ್ಬಿಯೊಂದು ಗಾಳಿಗೆ ಉಬ್ಬಿ, ಹಲ್ಲುಗಾಲಿಗಳ ಮೂಲಕ ಮುಳ್ಳನ್ನು ತಿರುಗಿಸುತ್ತದೆ. ಅಳತೆಯ ಮಾನ ಮಾತ್ರ ಪಾದರಸದ ಮಿಲಿಮೀಟರಿನಲ್ಲೇ ಉಳಿದಿದೆ.

ನೋಡುವ ಕ್ರಮದಲ್ಲೇ ಹೆಚ್ಚಿನ ತಪ್ಪುಗಳಾಗುವುದು. ಅರ್ಧ ಗಂಟೆ ಮೊದಲಿನಿಂದ ಚಹಾ, ಕಾಫಿ, ಬೀಡಿ, ಹೊಗೆಸೊಪ್ಪಿನ ಎಲೆಯಡಿಕೆ ಬೇಡ. ಬೀಡಿ ಕಟ್ಟುವ, ಅಡಿಕೆ ಬೆಳೆಯುವ ನಮ್ಮೂರಲ್ಲಿ ಇದನ್ನು ಒತ್ತಿ ಹೇಳಲೇಬೇಕು: ಹೊಗೆಸೊಪ್ಪಿನ ನಿಕೋಟಿನ್ ಆ ಹೊತ್ತಿಗೆ ಬಿಪಿಯನ್ನು ಏರಿಸುತ್ತದೆ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆನಿಕೆ ಕೊಟ್ಟು, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಸುಮ್ಮನೆ ಕೂರಬೇಕು, ಮಾತಾಡಬಾರದು. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇರಲಿ. ಅದು 10 ಸೆಂಟಿಮೀಟರ್ ತಗ್ಗಿದರೂ ಅಂಕಿ 7–8ರಷ್ಟು ಏರುತ್ತದೆ. ಪಟ್ಟಿ ಅಂಗಿಯ ಮೇಲಲ್ಲ, ಬರಿ ತೋಳಿಗೆ. ತೋಳಿಗಿಂತ ಚಿಕ್ಕ ಪಟ್ಟಿ ಇಲ್ಲದ ಬಿಪಿಯನ್ನೂ ತೋರಿಸುತ್ತದೆ.

ಮೊದಲ ಸಲ ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿಸಿ. ನಾಡಿ ಎಲ್ಲಿ ಮಾಯವಾಯಿತೋ ಗುರುತಿಟ್ಟು, ಗಾಳಿ ಬಿಡಿ. ಮತ್ತೆ ತುಂಬಿಸುವಾಗ ಅದಕ್ಕಿಂತ 20–30 ಮೇಲಕ್ಕೆ ಹೋದರೆ ಸಾಕು. ಆಮೇಲೆ ಬಲ್ಬಿನ ತಿರುಪನ್ನು ಎಷ್ಟು ಮೆಲ್ಲನೆ ಬಿಡಿಸಬೇಕೆಂದರೆ, ಮುಳ್ಳು ಸೆಕೆಂಡಿಗೆ ಒಂದೊಂದೇ ಗೆರೆ ಇಳಿಯಬೇಕು. ಒಂದು ಗೆರೆಗೆ 2. ಅವಸರದಲ್ಲಿ ಬಿಟ್ಟರೆ ಮೊದಲ 'ಟಕ್' ಕೈತಪ್ಪಿ ಮೇಲಿನ ಅಂಕಿ ಕಡಿಮೆಯಾಗಿ ಕಾಣುತ್ತದೆ. 138 ಇದ್ದದ್ದನ್ನು 140 ಎಂದು ದುಂಡು ಮಾಡಬೇಡಿ, ಕಂಡದ್ದನ್ನೇ ಬರೆಯಿರಿ.

ತನ್ನದನ್ನು ತಾನೇ ನೋಡಿಕೊಳ್ಳಬಹುದು, ಕಷ್ಟವೇನಿಲ್ಲ. ಸ್ಟೆತಸ್ಕೋಪನ್ನು ಪಟ್ಟಿಗೇ ಹೊಲಿದ ಯಂತ್ರಗಳೂ ಇವೆ. ಆದರೆ ಬಲ್ಬು ಒತ್ತುವ ಶ್ರಮವೂ ಬಿಪಿಯನ್ನು ಅಷ್ಟಿಷ್ಟು ಏರಿಸುವುದರಿಂದ, ತುಂಬಿಸಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಕಾದು ಪಟ್ಟಿಯ ಗಾಳಿ ಬಿಡುವುದು ಲೇಸು. ಕಿವಿ ಮಂದವಾದ ಅಜ್ಜ ಅಜ್ಜಿಯರಿಗೆ ಮನೆಯ ಹುಡುಗರು ಕಲಿತು ನೋಡಲಿ.

ಬೆಳಿಗ್ಗೆ ಮಾತ್ರೆಗೆ ಮೊದಲು ಒಮ್ಮೆ, ಸಂಜೆ ಒಮ್ಮೆ. ಪ್ರತಿ ಸಲ ನಿಮಿಷ ಬಿಟ್ಟು ಎರಡು ಬಾರಿ. ಹೀಗೆ ಒಂದು ವಾರ ಬರೆದು, ಮೊದಲ ದಿನದ್ದು ಬಿಟ್ಟು ಉಳಿದುದರ ಸರಾಸರಿ ತೆಗೆಯಿರಿ. ಆಸ್ಪತ್ರೆಯಲ್ಲಿ 140/90 ಹೇಗೋ ಮನೆಯಲ್ಲಿ 135/85 ಹಾಗೆ. ಅದಕ್ಕೂ ಮೇಲಿದ್ದರೆ ವೈದ್ಯರಿಗೆ ತೋರಿಸಬೇಕು. ಗಂಜಿಗೆ ನಂಜಿಕೊಳ್ಳುವ ಉಪ್ಪಿನಕಾಯಿ, ಉಪ್ಪಡ್, ಒಣಮೀನಿನ ಲೆಕ್ಕವನ್ನೂ ಅವರಿಗೆ ಮುಚ್ಚಿಡದೆ ಹೇಳಿ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಯಂತ್ರ ಕೆಳಗೆ ಬಿದ್ದರೆ, ಗಾಳಿಯಿಲ್ಲದಾಗ ಮುಳ್ಳು ಸೊನ್ನೆಗೆ ನಿಲ್ಲದಿದ್ದರೆ, ಅದನ್ನು ನಂಬಬೇಡಿ. ವರ್ಷಕ್ಕೊಮ್ಮೆಯಾದರೂ ಆಸ್ಪತ್ರೆಗೆ ಒಯ್ದು ಅಲ್ಲಿಯದಕ್ಕೆ ಹೋಲಿಸಿ ನೋಡಿ. ಅಂಕಿ 180/120 ದಾಟಿ, ಜೊತೆಗೆ ಎದೆನೋವು, ಉಸಿರುಕಟ್ಟು, ಮಾತು ತೊದಲುವುದು ಇದ್ದರೆ ಮತ್ತೆ ಮತ್ತೆ ಅಳೆಯುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ಇನ್ನೊಂದು ಮಾತು: ನಾಲ್ಕು ದಿನ ಅಂಕಿ ಸರಿ ಬಂತೆಂದು ಮಾತ್ರೆ ಬಿಡಬೇಡಿ. ಅದು ಸರಿ ಬಂದಿರುವುದು ಮಾತ್ರೆಯಿಂದಲೇ ಇರಬಹುದು.