ಸಂಡೂರಿನ ಅದಿರು ಯಾರದ್ದು?

ಸಂಡೂರಿನ ಗುಡ್ಡದ ಅದಿರು ಗಣಿ ಕಂಪನಿಯ ಸ್ವತ್ತೋ, ಸರ್ಕಾರದ್ದೋ?
– ಓದುಗರೊಬ್ಬರು, ಹೊಸಪೇಟೆ

ಸರ್ಕಾರದ್ದೇ, ಅಂದರೆ ನಮ್ಮೆಲ್ಲರದ್ದು. ಕಂಪನಿಗೆ ಸಿಗುವುದು ಅಗೆಯುವ ಗುತ್ತಿಗೆ ಮಾತ್ರ. ಮಾವಿನ ತೋಪನ್ನು ಗುತ್ತಿಗೆ ಕೊಟ್ಟ ಹಾಗೆ: ಫಸಲು ಗುತ್ತಿಗೆದಾರನಿಗೆ, ಹಣ ಒಡೆಯನಿಗೆ. ಆದರೆ ತೋಪು ಮರುವರ್ಷ ಕಾಯಿ ಬಿಡುತ್ತದೆ, ಗುಡ್ಡ ಬಿಡುವುದಿಲ್ಲ. ಕಬ್ಬಿಣದ ಅದಿರಿಗೆ ಒಡೆಯನ ಪಾಲು, ಅಂದರೆ ರಾಜಧನ, ಸರಾಸರಿ ಮಾರಾಟ ಬೆಲೆಯ ಶೇ 15. ವೇ ಬ್ರಿಡ್ಜ್ ಮೇಲೆ ಲಾರಿ ತೂಗಿ, ಪರ್ಮಿಟ್ ನೋಡಿ ಬಿಟ್ಟರಷ್ಟೇ ಈ ಲೆಕ್ಕ ಸರಿ. ಪರ್ಮಿಟ್ಟೇ ಇಲ್ಲದೆ ಅದಿರು ಬಂದರು ಸೇರಿದಾಗ ಕಳೆದುಕೊಂಡವರು ನಾವು. ಈ ಅಕ್ರಮದ ಕುರಿತು ಲೋಕಾಯುಕ್ತ ವರದಿ ಬಂದ 2011ರಲ್ಲೇ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ಮಿತಿಮೀರಿದ್ದ ‘ಸಿ’ ವರ್ಗದ ಗುತ್ತಿಗೆಗಳನ್ನು 2013ರಲ್ಲಿ ರದ್ದುಪಡಿಸಿತು. ಗಣಿ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಬಳಿಕ ಕಂಪನಿಗಳು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಹಣ ಕಟ್ಟಬೇಕು. ಅದು ಕೆಂಪು ದೂಳು ಕುಡಿದ ಊರುಗಳಿಗೇ ಸಲ್ಲಬೇಕಾದ ದುಡ್ಡು.