ವಿವಾಹ ಮತ್ತು ಆದಾಯ ತೆರಿಗೆ (ಭಾರತ)

ಭಾರತದ ಆದಾಯ ತೆರಿಗೆ ವ್ಯವಸ್ಥೆಯಲ್ಲಿ ತೆರಿಗೆಯ ಘಟಕ ವ್ಯಕ್ತಿಯೇ ಹೊರತು ದಂಪತಿಯಲ್ಲ. ವಿವಾಹದ ಬಳಿಕವೂ ಪತಿ ಮತ್ತು ಪತ್ನಿ ತಮ್ಮ ತಮ್ಮ ಪ್ಯಾನ್ ಸಂಖ್ಯೆಯಡಿ ಪ್ರತ್ಯೇಕವಾಗಿ ಆದಾಯದ ವಿವರಪಟ್ಟಿ ಸಲ್ಲಿಸುತ್ತಾರೆ. ವಿವಾಹಿತರಿಗೂ ಅವಿವಾಹಿತರಿಗೂ ತೆರಿಗೆ ದರ ಒಂದೇ. ಹೀಗಿದ್ದರೂ ಸಂಗಾತಿಗೆ ವರ್ಗಾಯಿಸಿದ ಆಸ್ತಿಯ ಆದಾಯ, ಮದುವೆಯ ಉಡುಗೊರೆ ಮತ್ತು ಗೋವಾದ ಸಮುದಾಯ ಆಸ್ತಿ ಪದ್ಧತಿಯ ವಿಷಯದಲ್ಲಿ ವಿವಾಹವು ತೆರಿಗೆಯ ಲೆಕ್ಕವನ್ನು ಬದಲಿಸುತ್ತದೆ.

ಹಿನ್ನೆಲೆ

1922ರ ಆದಾಯ ತೆರಿಗೆ ಕಾಯಿದೆಗೆ 1937ರಲ್ಲಿ ತಿದ್ದುಪಡಿ ತಂದು, ಕೆಲವು ಸಂದರ್ಭಗಳಲ್ಲಿ ಪತ್ನಿಯ ಮತ್ತು ಅಪ್ರಾಪ್ತ ಮಕ್ಕಳ ಆದಾಯವನ್ನು ಪತಿಯ ಆದಾಯಕ್ಕೆ ಸೇರಿಸುವ ನಿಯಮವನ್ನು ಅಳವಡಿಸಲಾಯಿತು. ಬಾಲಾಜಿ ಪ್ರಕರಣದಲ್ಲಿ (1961) ಸುಪ್ರೀಂ ಕೋರ್ಟ್ ಈ ನಿಯಮದ ಸಿಂಧುತ್ವವನ್ನು ಎತ್ತಿಹಿಡಿಯಿತು. 1955–56ರ ಮುಂಗಡಪತ್ರದಲ್ಲಿ ಹಣಕಾಸು ಸಚಿವ ಸಿ. ಡಿ. ದೇಶಮುಖ್ ಅವರು ತೆರಿಗೆರಹಿತ ಆದಾಯದ ಮಿತಿಯನ್ನು ವಿವಾಹಿತರಿಗೆ ₹2,000, ಅವಿವಾಹಿತರಿಗೆ ₹1,000 ಎಂದು ಬೇರೆಬೇರೆಯಾಗಿ ನಿಗದಿಪಡಿಸಿದ್ದರು. ಈ ಭೇದವನ್ನು ಮುಂದೆ ಕೈಬಿಡಲಾಯಿತು. 1961ರ ಕಾಯಿದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಕೆಳಗೆ ವಿವರಿಸಿದ ತತ್ವಗಳು ಅದರಲ್ಲೂ ಮುಂದುವರಿದಿವೆ. ಇಲ್ಲಿ ಕೊಟ್ಟಿರುವ ಸೆಕ್ಷನ್ ಸಂಖ್ಯೆಗಳು 1961ರ ಕಾಯಿದೆಯವು.

ಗಳಿಕೆಯ ಹಂಚಿಕೆ ಮತ್ತು ತೆರಿಗೆಯ ಹೊರೆ

ಆದಾಯ ಏರಿದಂತೆ ದರವೂ ಏರುವುದರಿಂದ, ಕುಟುಂಬದ ಒಟ್ಟು ಆದಾಯಕ್ಕಿಂತ ಅದನ್ನು ಯಾರು ಗಳಿಸಿದರು ಎಂಬುದೇ ಮುಖ್ಯವಾಗುತ್ತದೆ. 2025–26ನೇ ಆರ್ಥಿಕ ವರ್ಷದ ಹೊಸ ತೆರಿಗೆ ಪದ್ಧತಿಯಲ್ಲಿ, ವ್ಯಾಪಾರದಿಂದ ವರ್ಷಕ್ಕೆ ₹24 ಲಕ್ಷ ಆದಾಯವಿರುವ ಮೂರು ನಿವಾಸಿ ದಂಪತಿಗಳ ತೆರಿಗೆ, ಶೇ 4ರ ಸೆಸ್ ಸೇರಿ, ಹೀಗಿರುತ್ತದೆ:

* ಒಬ್ಬರೇ ₹24 ಲಕ್ಷ ಗಳಿಸಿದರೆ: ₹3,12,000
* ಒಬ್ಬರು ₹18 ಲಕ್ಷ, ಇನ್ನೊಬ್ಬರು ₹6 ಲಕ್ಷ ಗಳಿಸಿದರೆ: ₹1,66,400
* ಇಬ್ಬರೂ ತಲಾ ₹12 ಲಕ್ಷ ಗಳಿಸಿದರೆ: ತೆರಿಗೆ ಇಲ್ಲ

₹12 ಲಕ್ಷದವರೆಗಿನ ಆದಾಯಕ್ಕೆ ದೊರೆಯುವ ರಿಬೇಟ್ ಕೊನೆಯ ಫಲಿತಾಂಶಕ್ಕೆ ಕಾರಣ.

ಆದಾಯದ ಸೇರ್ಪಡೆ

ಈ ವ್ಯತ್ಯಾಸದ ಲಾಭ ಪಡೆಯಲು ಹೆಚ್ಚು ಗಳಿಸುವವರು ತಮ್ಮ ಆಸ್ತಿಯನ್ನು ಸಂಗಾತಿಯ ಹೆಸರಿಗೆ ಬರೆದುಕೊಡುವುದನ್ನು ಸೆಕ್ಷನ್ 64 ನಿಷೇಧಿಸುವುದಿಲ್ಲ. ಅದರಿಂದಾಗುವ ತೆರಿಗೆ ಉಳಿತಾಯವನ್ನು ಮಾತ್ರ ತಡೆಯುತ್ತದೆ. ಸೂಕ್ತ ಪ್ರತಿಫಲವಿಲ್ಲದೆ ಸಂಗಾತಿಗೆ ವರ್ಗಾಯಿಸಿದ ಆಸ್ತಿಯಿಂದ ಬರುವ ಆದಾಯವನ್ನು ಕೊಟ್ಟವರ ಆದಾಯಕ್ಕೆ ಸೇರಿಸಲಾಗುತ್ತದೆ. ಉದಾಹರಣೆಗೆ, ಪತಿ ಕೊಟ್ಟ ₹10 ಲಕ್ಷವನ್ನು ಪತ್ನಿ ಶೇ 7ರ ಬಡ್ಡಿಗೆ ಠೇವಣಿ ಇಟ್ಟರೆ, ವರ್ಷದ ₹70,000 ಬಡ್ಡಿಗೆ ಪತಿಯೇ ತೆರಿಗೆ ಕಟ್ಟಬೇಕು. ಆ ಬಡ್ಡಿಯನ್ನು ಆಕೆ ಮತ್ತೆ ಹೂಡಿದರೆ ಅದರಿಂದ ಹುಟ್ಟುವ ಆದಾಯ ಆಕೆಯದೇ ಆಗುತ್ತದೆ. ಪತಿಗೆ ಪತ್ನಿ ಕೊಟ್ಟಾಗಲೂ ಇದೇ ನಿಯಮ. ಬೇರೆಯಾಗಿ ಬಾಳುವ ಒಪ್ಪಂದದ ಮೇರೆಗೆ ಮಾಡಿದ ವರ್ಗಾವಣೆಗೆ ಇದು ಅನ್ವಯಿಸುವುದಿಲ್ಲ.

ವರ್ಗಾವಣೆಯ ದಿನ ಇಬ್ಬರೂ ಪತಿ-ಪತ್ನಿಯರಾಗಿರಬೇಕು. ಮದುವೆಗೆ ಮುನ್ನ ಭಾವಿ ಪತ್ನಿಗೆ ಷೇರುಗಳನ್ನು ವರ್ಗಾಯಿಸಿದ್ದ ಫಿಲಿಪ್ ಜಾನ್ ಪ್ಲಾಸ್ಕೆಟ್ ಥಾಮಸ್ ಪ್ರಕರಣದಲ್ಲಿ (1963), ಆ ಷೇರುಗಳ ಆದಾಯವನ್ನು ಪತಿಯ ಆದಾಯಕ್ಕೆ ಸೇರಿಸಲಾಗದು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಸಂಸ್ಥೆಯೊಂದರಲ್ಲಿ ಒಬ್ಬರಿಗೆ ಗಣನೀಯ ಪಾಲಿದ್ದು, ಸಂಗಾತಿ ಅಲ್ಲಿ ಸಂಬಳ ಅಥವಾ ಕಮಿಷನ್ ಪಡೆಯುತ್ತಿದ್ದರೆ ಅದನ್ನೂ ಪಾಲು ಹೊಂದಿರುವವರ ಆದಾಯಕ್ಕೆ ಸೇರಿಸಲಾಗುತ್ತದೆ. ಸಂಗಾತಿಗೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆಯಿದ್ದು, ಆ ಗಳಿಕೆ ಕೇವಲ ಆ ಜ್ಞಾನ ಮತ್ತು ಅನುಭವದ ಬಳಕೆಯಿಂದ ಬಂದಿದ್ದರೆ ಸೇರ್ಪಡೆ ಇಲ್ಲ.

ಮದುವೆಯ ಉಡುಗೊರೆ

ವರ್ಷವೊಂದರಲ್ಲಿ ಸಂಬಂಧಿಕರಲ್ಲದವರಿಂದ ಉಡುಗೊರೆಯಾಗಿ ಬಂದ ಹಣ ಒಟ್ಟು ₹50,000 ಮೀರಿದರೆ ಸಾಮಾನ್ಯವಾಗಿ ಪೂರ್ತಿ ಮೊತ್ತಕ್ಕೆ ತೆರಿಗೆ ಬೀಳುತ್ತದೆ. ಸ್ವಂತ ಮದುವೆಯ ಸಂದರ್ಭದಲ್ಲಿ ವಧೂವರರಿಗೆ ಬಂದ ಮುಯ್ಯಿ ಮತ್ತು ಉಡುಗೊರೆಗಳಿಗೆ, ಕೊಟ್ಟವರು ಯಾರೇ ಆಗಿರಲಿ, ಮೊತ್ತ ಎಷ್ಟೇ ಇರಲಿ, ಈ ತೆರಿಗೆ ಇಲ್ಲ. ವಧೂವರರ ತಂದೆತಾಯಿಗೆ ಸ್ನೇಹಿತರು ಕೊಟ್ಟ ಉಡುಗೊರೆಗೆ ಈ ವಿನಾಯಿತಿ ದೊರೆಯದು. ಉಡುಗೊರೆ ಹಣವನ್ನು ಹೂಡಿ ಪಡೆದ ಬಡ್ಡಿ, ಬಾಡಿಗೆಗಳಿಗೆ ಎಂದಿನಂತೆ ತೆರಿಗೆ ಉಂಟು.

ಗೋವಾದ ವಿಶೇಷ ನಿಯಮ

ಗೋವಾ, ದಮನ್ ಮತ್ತು ದಿಯು, ದಾದ್ರಾ ಮತ್ತು ನಗರ ಹವೇಲಿಗಳಲ್ಲಿ ಪೋರ್ಚುಗೀಸ್ ನಾಗರಿಕ ಸಂಹಿತೆಯ ಸಮುದಾಯ ಆಸ್ತಿ ಪದ್ಧತಿಗೆ ಒಳಪಟ್ಟ ದಂಪತಿಗಳಿಗೆ ಸೆಕ್ಷನ್ 5ಎ ಅನ್ವಯಿಸುತ್ತದೆ. ಇದರಂತೆ ಸಂಬಳವನ್ನು ಬಿಟ್ಟು ಉಳಿದ ಆದಾಯವನ್ನು ಪತಿ-ಪತ್ನಿಯರ ನಡುವೆ ಸಮವಾಗಿ ಹಂಚಿ, ಬಳಿಕ ಪ್ರತಿಯೊಬ್ಬರ ತೆರಿಗೆಯನ್ನು ಲೆಕ್ಕಹಾಕಲಾಗುತ್ತದೆ. ಮೇಲಿನ ಉದಾಹರಣೆಯ ಮೊದಲ ದಂಪತಿ ಕಾರವಾರದಲ್ಲಿದ್ದು ಈ ಪದ್ಧತಿಗೆ ಒಳಪಡದಿದ್ದರೆ ₹3,12,000 ತೆರಿಗೆ ಕಟ್ಟಬೇಕು. ಈ ಪದ್ಧತಿಗೆ ಒಳಪಟ್ಟ ಮಡಗಾಂವಿನ ದಂಪತಿಗೆ ಅದೇ ಆದಾಯ ತಲಾ ₹12 ಲಕ್ಷವಾಗಿ ಹಂಚಿಕೆಯಾಗುವುದರಿಂದ ತೆರಿಗೆ ಇರುವುದಿಲ್ಲ.

ಇತರ ದೇಶಗಳು ಮತ್ತು ಚರ್ಚೆ

ಅಮೆರಿಕದಲ್ಲಿ 1948ರಿಂದ, ಜರ್ಮನಿಯಲ್ಲಿ 1958ರಿಂದ ದಂಪತಿಗಳ ಆದಾಯವನ್ನು ಒಟ್ಟುಗೂಡಿಸಿ ಎರಡು ಪಾಲಾಗಿ ಎಣಿಸುವ ಅವಕಾಶ ಕಾನೂನಿನಲ್ಲಿ ಬಂದಿತು. ಬ್ರಿಟನ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿ, ಪತ್ನಿಯ ಆದಾಯವನ್ನು ಪತಿಯದೆಂದು ಎಣಿಸುವ ಹಳೆಯ ಪದ್ಧತಿಯನ್ನು 1990ರಲ್ಲಿ ಕೊನೆಗೊಳಿಸಿತು.

ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯು 2025ರ ಮುಂಗಡಪತ್ರಕ್ಕೆ ಮುನ್ನ, ದಂಪತಿಗಳಿಗೆ ಜಂಟಿ ತೆರಿಗೆಯ ಆಯ್ಕೆ ನೀಡಬೇಕೆಂದು ಸೂಚಿಸಿತ್ತು. ಒಬ್ಬರೇ ದುಡಿಯುವ ಕುಟುಂಬದ ಹೊರೆ ಇದರಿಂದ ಇಳಿಯುತ್ತದೆ ಎಂಬುದು ಜಂಟಿ ತೆರಿಗೆಯ ಪರವಾದ ವಾದ. ಎರಡೂ ಆದಾಯಗಳು ಒಂದಾದಾಗ ಕಡಿಮೆ ಗಳಿಸುವ ಸಂಗಾತಿಯ ಮೊದಲ ರೂಪಾಯಿಗೂ ಮೇಲಿನ ದರ ತಗಲುತ್ತದೆ, ಹೊಸದಾಗಿ ಕೆಲಸಕ್ಕೆ ಸೇರಬಯಸುವ ಪತ್ನಿಯರಿಗೆ ಇದು ಅಡ್ಡಿಯಾಗುತ್ತದೆ ಎಂಬುದು ವಿರೋಧದ ವಾದ. ಈಗಿನ ಪ್ರತ್ಯೇಕ ತೆರಿಗೆಯಲ್ಲಿ ಪತ್ನಿಯ ಸ್ವಂತ ದುಡಿಮೆಗೆ ತಗಲುವ ದರವು ಪತಿಯ ಆದಾಯವನ್ನು ಅವಲಂಬಿಸಿರುವುದಿಲ್ಲ.