ರುಚಿ ನೋಡುವ ಕೋಣೆ ಹುಡುಕುತ್ತ ಗೋಕಾಕ ಸೀಮೆಗೆ

ನಮ್ಮ ಸಂಘದ ಒಂಬತ್ತು ಮಂದಿ ವೈನ್ ರುಚಿ ನೋಡಲೆಂದು ಗೋಕಾಕಕ್ಕೆ ಹೋಗಿ ಕರದಂಟು ತಿಂದು ಬಂದರೆಂದು ಊರಿನಲ್ಲಿ ನಗೆಯಾಡುತ್ತಿರುವುದು ನಮ್ಮ ಕಿವಿಗೂ ಬಿದ್ದಿದೆ. ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ವ್ಯಾನಿನ ಬಾಡಿಗೆ ಸಂಘದ ಲೆಕ್ಕಕ್ಕೆ ಬಿದ್ದಿರುವುದರಿಂದ (ಊಟ ವಸತಿ ಅವರವರದೇ), ಏತಕ್ಕೆ ಹೋದೆವು, ಏನು ಕಂಡೆವು ಎಂಬುದನ್ನು ಸದಸ್ಯರ ಮುಂದಿಡುವುದು ನಮ್ಮ ಕರ್ತವ್ಯ.

ಕಳೆದ ಮಹಾಸಭೆಯಲ್ಲಿ ಹಳೆಯ ಗೊಬ್ಬರದ ಗೋದಾಮಿನ ವಿಚಾರ ಬಂದಾಗ ತರುಣ ಸದಸ್ಯರೊಬ್ಬರು ಎದ್ದುನಿಂತು, ಅದನ್ನು ದುರಸ್ತಿ ಮಾಡಿ ‘ಟೇಸ್ಟಿಂಗ್ ರೂಂ’ ಮಾಡಬಾರದೇಕೆ ಎಂದು ಕೇಳಿದ್ದು ಸಭೆಗೆ ಬಂದವರಿಗೆ ನೆನಪಿರಬಹುದು. ನಂದಿ ಬೆಟ್ಟದ ಬುಡದ ವೈನರಿಗಳಲ್ಲಿ ಬಂದವರಿಗೆ ತೋಟ ತೋರಿಸಿ, ಪೀಪಾಯಿ ತೋರಿಸಿ, ಕೊನೆಗೆ ಮೇಜಿನ ಮುಂದೆ ಕೂರಿಸಿ ನಾಲ್ಕೈದು ಬಗೆಯ ವೈನನ್ನು ಗುಟುಕು ಗುಟುಕಾಗಿ ರುಚಿ ತೋರಿಸುತ್ತಾರೆ, ಅದಕ್ಕೆ ಹಣವನ್ನೂ ಪಡೆಯುತ್ತಾರೆ, ಹೋಗುವಾಗ ಬಾಟಲಿಯನ್ನೂ ಮಾರುತ್ತಾರೆ ಎಂಬುದು ಅವರ ವಾದ. ನಾಸಿಕದ ಸುಲಾ ಕಂಪನಿ 2005ರಲ್ಲಿ ಇಂಥ ಕೋಣೆ ತೆರೆದಾಗ ನಕ್ಕವರು ಈಗ ಅದನ್ನೇ ಅನುಕರಿಸುತ್ತಿದ್ದಾರೆ ಎಂದರು. ನಮ್ಮಲ್ಲೂ ಹಲಸು, ಕಿತ್ತಳೆ, ನೇರಳೆ ಕೊಳೆತು ಹೋಗುತ್ತಿರುವಾಗ ವೈನನ್ನೇ ಏಕೆ ಮಾಡಬಾರದು ಎಂಬುದು ಅವರ ಎರಡನೆಯ ಪ್ರಶ್ನೆ.

ಇದಕ್ಕೆ ಸಭೆಯ ಹಿಂದಿನ ಸಾಲಿನಿಂದ ಮಹಿಳಾ ಸದಸ್ಯರೊಬ್ಬರು ಕೊಟ್ಟ ಉತ್ತರವನ್ನು ನಡಾವಳಿಯಲ್ಲಿ ಬರೆದಿಲ್ಲ, ಇಲ್ಲಿ ಬರೆಯುತ್ತಿದ್ದೇವೆ: “ಲೈನಿನಲ್ಲಿ ಬಟವಾಡೆಯ ಸಂಜೆ ಏನಾಗ್ತಿತ್ತು ಅಂತ ನೋಡಿದವರು ನಾವು. 2007ರಲ್ಲಿ ಸಾರಾಯಿ ನಿಂತಾಗ ದೇವರಿಗೆ ತುಪ್ಪದ ದೀಪ ಹಚ್ಚಿದ್ದೇವೆ. ಸಂಘದ ಬೋರ್ಡಿನ ಕೆಳಗೆ ಬಾಟ್ಲಿ ಬೇಡ ಕಾರ್ಯದರ್ಶಿಗಳೇ.” ಸಭೆ ಗಪ್‌ಚಿಪ್ಪಾಯಿತು. ವೈನಿನ ವಿಚಾರ ಅಲ್ಲಿಗೆ ಮುಗಿಯಿತು, ಅಬಕಾರಿ ಲೈಸೆನ್ಸಿನ ಚರ್ಚೆಗೆ ಹೋಗುವ ಪ್ರಮೇಯವೇ ಬರಲಿಲ್ಲ.

ಆದರೆ ರುಚಿ ನೋಡುವ ಕೋಣೆಯ ವಿಚಾರ ಮುಗಿಯಲಿಲ್ಲ. ಅದಕ್ಕೆ ಕಾರಣ ಬೇರೆ ಇತ್ತು. ಹಿಂದಿನ ಹಂಗಾಮಿನಲ್ಲಿ ಹನ್ನೊಂದು ಸದಸ್ಯರ ಪಾರ್ಚ್‌ಮೆಂಟನ್ನು ಒಟ್ಟುಗೂಡಿಸಿ ಒಂದೇ ಲಾಟಾಗಿ ಕಳುಹಿಸಿದ್ದೆವು. ಔಟ್‌ಟರ್ನ್ ಚೆನ್ನಾಗಿತ್ತು, ತೇವಾಂಶ ಸರಿಯಿತ್ತು. ಆದರೂ ಖರೀದಿದಾರರು “ಕಪ್ಪಿನಲ್ಲಿ ಹೊಗೆವಾಸನೆ ಇದೆ” ಎಂದು ಒಂದು ಸಾಲು ಬರೆದು ಧಾರಣೆ ಮುರಿದರು. ನಾವು ಏನೆಂದು ವಾದಿಸಬೇಕಿತ್ತು? ಹನ್ನೊಂದು ಜನರಲ್ಲಿ ಒಬ್ಬರೂ ಆ ಕಾಫಿ ಕುಡಿದು ನೋಡಿರಲಿಲ್ಲ. ಅಡಿಕೆಯಾದರೆ ಹಾಗಲ್ಲ. ವ್ಯಾಪಾರಿ ಅಡಕತ್ತರಿಯಲ್ಲಿ ಸೀಳಿ ಒಳಮೈ ತೋರಿಸಿ ಏನಾದರೂ ಹೇಳಿದರೆ, ನಾವೂ ಒಂದು ಹೋಳು ಬಾಯಿಗೆ ಹಾಕಿಕೊಂಡು ಅವನಿಗೆ ಸರಿಯಾಗಿ ಉತ್ತರ ಕೊಡುತ್ತೇವೆ. ಕಾಫಿಯ ವಿಷಯದಲ್ಲಿ ಬೆಳೆಯುವುದು ನಾವು, ಮನೆಯಲ್ಲಿ ಕುಡಿಯುವುದು ಪೇಟೆಯ ಚಿಕೋರಿ ಬೆರೆತ ಪುಡಿ. 1996ಕ್ಕೆ ಪೂಲಿಂಗ್ ಪದ್ಧತಿ ಪೂರ್ತಿ ಮುಗಿದು ಮಾರಾಟ ನಮ್ಮ ಕೈಗೆ ಬಂದು ಇಷ್ಟು ವರ್ಷವಾದರೂ ನಾಲಿಗೆ ಮಾತ್ರ ಇನ್ನೂ ಬೇರೆಯವರ ಕೈಯಲ್ಲೇ ಇದೆ.

ಆದ್ದರಿಂದ ಬೇರೆಯವರು ಈ ಕೆಲಸವನ್ನು ಹೇಗೆ ಮಾಡುತ್ತಾರೆಂದು ನೋಡಿಬರೋಣ ಎಂದು ಆಡಳಿತ ಮಂಡಳಿ ಠರಾವು ಮಾಡಿತು. ಗೋಕಾಕ ಸೀಮೆಯೇ ಏಕೆಂದರೆ, ಒಬ್ಬ ಸದಸ್ಯರ ಅಳಿಯಂದಿರು ಹುಕ್ಕೇರಿ ತಾಲ್ಲೂಕಿನ ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿಯಲ್ಲಿ ಕೆಮಿಸ್ಟ್ ಆಗಿದ್ದಾರೆ. ಒಳಗೆ ಹೋಗಲು ಒಪ್ಪಿಗೆ ಸಿಕ್ಕಿತು. ಅದಲ್ಲದೆ ರಾಜ್ಯದ 2007ರ ವೈನ್ ನೀತಿಯಲ್ಲಿ ಬೆಳಗಾವಿ ಜಿಲ್ಲೆಯನ್ನು ಕೃಷ್ಣಾ ಕಣಿವೆಗೆ ಸೇರಿಸಿದ್ದಾರೆಂದು ಓದಿದ್ದ ನಮ್ಮ ತರುಣರು, ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರ ಕಾಣುತ್ತದೆಂದು ನಂಬಿದ್ದರು.

ಜನವರಿಯ ಮೊದಲ ವಾರ ಹೊರಟೆವು. ಅರೇಬಿಕಾ ಮುಗಿದಿತ್ತು, ರೋಬಸ್ಟಾಕ್ಕೆ ಕೈಹಚ್ಚಿರಲಿಲ್ಲ. ಧಾರವಾಡ ದಾಟಿ ಗೋಕಾಕದ ಕಡೆ ತಿರುಗಿದರೆ ಕಂಡದ್ದು ಕಬ್ಬು, ಕಬ್ಬು, ಕಬ್ಬು ಹೇರಿದ ಟ್ರ್ಯಾಕ್ಟರು. ದ್ರಾಕ್ಷಿ ಈ ಜಿಲ್ಲೆಯಲ್ಲಿ ಇರುವುದು ಅಥಣಿಯ ಕಡೆ, ಅದೂ ಹೆಚ್ಚಾಗಿ ತಿನ್ನುವುದಕ್ಕೆ ಮತ್ತು ಒಣದ್ರಾಕ್ಷಿಗೆ ಎಂದು ಚಹಾದಂಗಡಿಯಲ್ಲಿ ತಿಳಿಯಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರರಲ್ಲೂ ನಾವು ಹುಡುಕಿಕೊಂಡು ಹೋದ ಬಗೆಯ ಕೋಣೆ ನಮ್ಮ ಕಣ್ಣಿಗೆ ಬೀಳಲಿಲ್ಲ. ಗೋಕಾಕ ಜಲಪಾತವನ್ನೂ ನೋಡಿದೆವು. ಜನವರಿಯಾದ್ದರಿಂದ ನೀರಿಗಿಂತ ಬಂಡೆಯೇ ಹೆಚ್ಚು ಕಂಡಿತು. 1887ರಲ್ಲಿ ಅದೇ ನೀರಿನ ಬಲದಿಂದ ನಡೆಯತೊಡಗಿದ ನೂಲಿನ ಗಿರಣಿಯನ್ನು ನೋಡಿ ಮುಂದೆ ಹೋದೆವು.

ಡಿಸ್ಟಿಲರಿಯ ವಿವರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗೇಟಿನಿಂದ ಒಂದು ಫರ್ಲಾಂಗು ದೂರದಲ್ಲೇ ವಾಸನೆ ಎದುರುಗೊಂಡಿತು. ನಮ್ಮ ಪಲ್ಪರ್ ನೀರು ನಾಲ್ಕು ದಿನ ನಿಂತರೆ ಬರುವ ವಾಸನೆಗೆ ಬೆಲ್ಲ ಬೆರೆಸಿದಂತಿತ್ತು. ಸಕ್ಕರೆ ತೆಗೆದು ಉಳಿದ ಕಪ್ಪು ಕಾಕಂಬಿ ದೊಡ್ಡ ಟ್ಯಾಂಕುಗಳಲ್ಲಿ ನಿಂತಿರುತ್ತದೆ. ಒಂದು ಟನ್ ಕಬ್ಬು ಅರೆದರೆ ಇಂಥ ಕಾಕಂಬಿ ಸಿಗುವುದು 40–45 ಕಿಲೋ. ಅದಕ್ಕೆ ನೀರು ಬೆರೆಸಿ, ಯೀಸ್ಟ್ ಹಾಕಿ, ಒಂದೆರಡು ದಿನ ಹುಳಿಯಲು ಬಿಡುತ್ತಾರೆ. ಆಗ ಅದರಲ್ಲಿ ಶೇಕಡಾ ಎಂಟು ಹತ್ತರಷ್ಟು ಮದ್ಯಸಾರ ಹುಟ್ಟುತ್ತದೆ. ಅದನ್ನು ಎತ್ತರದ ಕಂಬಗಳಲ್ಲಿ ಹಬೆಯಿಂದ ಕಾಯಿಸಿ ಬೇರ್ಪಡಿಸುತ್ತಾರೆ. ಒಂದು ಟನ್ ಕಬ್ಬಿನ ಕೊನೆಯ ಕಾಕಂಬಿಯಿಂದ ಸುಮಾರು 10 ಲೀಟರ್ ಮದ್ಯಸಾರ ಬರುತ್ತದೆ. ಸಕ್ಕರೆ ಮಾಡದೆ ಕಬ್ಬಿನ ಹಾಲನ್ನೇ ನೇರವಾಗಿ ಹುಳಿಸಿದರೆ ಸುಮಾರು 70 ಲೀಟರ್. ಒಂದು ಲೀಟರ್ ಮದ್ಯಸಾರಕ್ಕೆ ಹತ್ತು ಹನ್ನೆರಡು ಲೀಟರ್ ಕಪ್ಪು ಕೊಳೆನೀರು ಉಳಿಯುತ್ತದೆಂದು ಕೇಳಿ, ಪಲ್ಪರ್ ನೀರಿನ ಹೊಂಡಕ್ಕಾಗಿ ಗೊಣಗುವ ನಮ್ಮ ಸದಸ್ಯರೊಬ್ಬರು ಸುಮ್ಮನಾದರು.

“ಇಷ್ಟೆಲ್ಲ ಆಯ್ತು, ರುಚಿ ನೋಡುವ ಕೋಣೆ ಎಲ್ಲಿ?” ಎಂದು ನಮ್ಮ ಹಿರಿಯರೊಬ್ಬರು ಕೇಳಿಯೇಬಿಟ್ಟರು. ಪಕ್ಕದಲ್ಲಿದ್ದ ಕೆಲಸಗಾರ ನಕ್ಕು, “ನಮ್ಮಲ್ಲಿ ಕುಡಿಯೂದು ಗಾಡಿ ರೀ ಅಜ್ಜಾರ, ಮನಶ್ಯಾ ಅಲ್ಲ” ಎಂದ. ಪೆಟ್ರೋಲಿಗೆ ಎಥನಾಲ್ ಬೆರೆಸುವ ಕಾರ್ಯಕ್ರಮ 2025ರಲ್ಲಿ ಶೇಕಡಾ 20ನ್ನು ಮುಟ್ಟಿದೆ. ಹೀಗಾಗಿ ಇಂಥ ಕಡೆಯ ಮಾಲು ಬಹುಪಾಲು ಟ್ಯಾಂಕರು ಹತ್ತಿ ಪೆಟ್ರೋಲ್ ಡಿಪೋಗೆ ಹೋಗುತ್ತದೆ.

ಆದರೆ ಅಳಿಯಂದಿರು ನಮ್ಮನ್ನು ಪ್ರಯೋಗಾಲಯಕ್ಕೆ ಕರೆದೊಯ್ದು ತೋರಿಸಿದ್ದು ನಮ್ಮ ಪ್ರವಾಸದ ಸಾರವೆನ್ನಬೇಕು. ಮದ್ಯ ತಯಾರಿಕೆಗೆ ಹೋಗುವ ಶುದ್ಧ ಮದ್ಯಸಾರದಲ್ಲಿ ಏನೂ ವಾಸನೆ ಇರಬಾರದಂತೆ. ಯಂತ್ರಗಳು ಎಷ್ಟೇ ಅಳೆದರೂ, ಸ್ವಲ್ಪ ಮಾದರಿಗೆ ನೀರು ಬೆರೆಸಿ, ಗ್ಲಾಸಿನಲ್ಲಿ ಮೂಸಿ ನೋಡುವ ಕ್ರಮ ಉಂಟು. ನೀರು ಬೆರೆತಾಗ ಅಡಗಿದ್ದ ವಾಸನೆ ಮೇಲೇಳುತ್ತದೆ. “ಮಾವ, ಇವೆರಡರಲ್ಲಿ ಯಾವುದು ಕೆಟ್ಟದ್ದು ಹೇಳಿ” ಎಂದು ಎರಡು ಗ್ಲಾಸು ಮುಂದಿಟ್ಟರು. ಗ್ಲಾಸಿನ ಮೇಲೆ ನಂಬರ್ ಬಿಟ್ಟರೆ ಹೆಸರಿರಲಿಲ್ಲ. ಒಂಬತ್ತರಲ್ಲಿ ಏಳು ಜನ ಸರಿಯಾಗಿ ಹೇಳಿದೆವು. ಅಲ್ಲಿಯವರೆಗೆ ನಮಗೆ ಮೂಗಿದೆ ಎಂಬುದೇ ಮರೆತಂತಾಗಿತ್ತು.

ಮರುದಿನ ಮೂಡಲಗಿಯ ಕಡೆ ಹೋದೆವು. ಮೊದಲು ಗೋಕಾಕ ತಾಲ್ಲೂಕಿನಲ್ಲೇ ಇದ್ದು ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾದ ಊರು. ಹೊಲದ ನಡುವೆ ಒಂದು ಬೆಲ್ಲದ ಗಾಣ ನಡೆಯುತ್ತಿತ್ತು. ಗಾಣದ ಯಜಮಾನರು ಪರಿಚಯ ಕೇಳುವ ಮೊದಲೇ ಹಾಲು ಕೊಟ್ಟರು, ಆಮೇಲೆ ಕುದಿಯುವ ಕೊಪ್ಪರಿಗೆಯಿಂದ ಸೌಟಿನಲ್ಲಿ ಬಿಸಿ ಪಾಕ ತೆಗೆದು ಕಬ್ಬಿನ ಸಿಬಿರಿಗೆ ಸುತ್ತಿ ಕೊಟ್ಟರು. ನಮ್ಮ ಜೋನಿ ಬೆಲ್ಲ ಕಂಡವರಿಗೆ ಅದು ಹೊಸದಲ್ಲ. ಹೊಸದಾಗಿ ಕಂಡದ್ದು ಅವರ ಕ್ರಮ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಿನಿಂದ ಉಂಡೆ ಮಾಡಿ ನೋಡಿ, ಅದನ್ನೇ ಬಾಯಿಗೆ ಹಾಕಿಕೊಂಡು, “ಈ ಹೊಲದ್ದು ಒಂಚೂರು ಉಪ್ಪ ಐತ್ರಿ, ನೀರ ಹೆಚ್ಚ ನಿಂತಾವ” ಎಂದರು. ತಮ್ಮದೇ ಕಬ್ಬು. ಹೊರಗಿನವರು ಹೇಳುವ ಮೊದಲೇ ಅದರ ದೋಷ ಅವರಿಗೆ ಗೊತ್ತಿತ್ತು. ಆ ಬೆಲ್ಲವನ್ನು ಬೇರೆಯೇ ಅಚ್ಚಿಗೆ ಹುಯ್ಯುತ್ತೇವೆ, ಒಳ್ಳೆಯದರ ಜೊತೆ ಬೆರೆಸುವುದಿಲ್ಲ ಎಂದೂ ಹೇಳಿದರು. ನಾವು ಹನ್ನೊಂದು ಜನರ ಕಾಫಿಯನ್ನು ನೋಡದೆ ಒಂದೇ ರಾಶಿ ಹಾಕಿದ್ದು ಎಲ್ಲರಿಗೂ ಆಗ ನೆನಪಾಗಿರಬೇಕು. ವ್ಯಾನಿನಲ್ಲಿ ಸ್ವಲ್ಪ ದೂರ ಯಾರೂ ಮಾತಾಡಲಿಲ್ಲ.

ಗೋಕಾಕ ಪೇಟೆಯ ಕರದಂಟಿನ ಅಂಗಡಿಯಲ್ಲೂ ಅದೇ. ಕರಿದ ಅಂಟು, ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲದ ಪಾಕ, ಇದೆಲ್ಲ ಬೆರೆತ ತುಂಡೊಂದನ್ನು ಅಂಗೈಗೆ ಹಾಕಿ, “ಮೊದ್ಲ ತಿಂದ ನೋಡ್ರಿ, ರೊಕ್ಕದ ಮಾತ ಆಮ್ಯಾಲೆ” ಎಂದರು. ಎರಡು ಬಗೆ ತಿಂದೆವು, ದುಬಾರಿಯದನ್ನೇ ಕೊಂಡೆವು. ವೈನರಿಯವರು ಮೇಜು, ಗಾಜು, ಮಂದ ಬೆಳಕು ಎಲ್ಲ ಇಟ್ಟು ಮಾಡುವ ಕೆಲಸವನ್ನು ಆ ಅಂಗಡಿಯವರು ಒಂದು ಚಾಕುವಿನಲ್ಲಿ ಮುಗಿಸಿದರು.

ಹುಕ್ಕೇರಿಯಲ್ಲಿ 1969ರಲ್ಲಿ ಆರಂಭವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಫಲಕದ ಮುಂದೆಯೂ ಒಂದು ಗಳಿಗೆ ನಿಂತೆವು. ಮನೆಮನೆಗೆ ಕರೆಂಟನ್ನು ಸಹಕಾರಿ ಸಂಘವೇ ಹಂಚುವ ಊರು ನಮ್ಮ ರಾಜ್ಯದಲ್ಲಿ ಇದೊಂದೇ ಸೀಮೆ. ಗೋದಾಮಿಗೆ ಸುಣ್ಣ ಬಳಿಯಲು ಮೂರು ಸಭೆ ಕರೆಯುವ ನಮಗೆ ಅದನ್ನು ನೋಡಿ ಸ್ವಲ್ಪ ನಾಚಿಕೆಯಾದದ್ದುಂಟು.

ಊರಿಗೆ ಬಂದ ಮೇಲೆ ಮಾಡಿದ ಕೆಲಸ ಹೀಗಿದೆ. ಗೋದಾಮಿನ ಮೂಲೆಯಲ್ಲಿ ಒಂದು ಉದ್ದ ಮೇಜು ಹಾಕಿದೆವು. ಸದಸ್ಯರೊಬ್ಬರ ಮನೆಯ ಅಟ್ಟದಲ್ಲಿದ್ದ, ಕೈಯಿಂದ ತಿರುಗಿಸುವ ಕಾಫಿ ಹುರಿಯುವ ಡಬ್ಬಿಯನ್ನು ಉಜ್ಜಿ ತಂದೆವು. ಕಾಫಿ ಮಂಡಳಿಯವರೂ ರಫ್ತುದಾರರೂ ಅನುಸರಿಸುವ ಕ್ರಮ ಕಷ್ಟದ್ದೇನಲ್ಲ. ಬೀಜವನ್ನು ಹದವಾಗಿ, ಕಪ್ಪಾಗದಂತೆ ಹುರಿದು, ತರಿಯಾಗಿ ಬೀಸಿ, 150 ಮಿಲಿ ಲೀಟರ್ ನೀರಿಗೆ 8.25 ಗ್ರಾಂ ಪುಡಿಯಂತೆ ಬಟ್ಟಲಿಗೆ ಹಾಕಿ, ಕುದಿ ಇಳಿದ ಸುಮಾರು 93 ಡಿಗ್ರಿ ಬಿಸಿಯ ನೀರು ಹುಯ್ಯಬೇಕು. ನಾಲ್ಕು ನಿಮಿಷದ ನಂತರ ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು ಮೂಸಬೇಕು. ಸ್ವಲ್ಪ ಆರಿದ ಮೇಲೆ ಚಮಚದಲ್ಲಿ ತೆಗೆದು ಸೊರ್ರೆಂದು ಎಳೆದು, ಬಾಯೆಲ್ಲ ಆಡಿಸಿ ಉಗುಳಬೇಕು. ಹಾಲು ಸಕ್ಕರೆ ಇಲ್ಲ. ಒಂದೊಂದು ಮಾದರಿಗೆ ಐದು ಬಟ್ಟಲು, ಏಕೆಂದರೆ ಕೆಟ್ಟ ಬೀಜ ಒಂದೇ ಬಟ್ಟಲಿಗೆ ಬಿದ್ದಿರಬಹುದು. ಡಿಸ್ಟಿಲರಿಯಲ್ಲಿ ಕಲಿತಂತೆ ಹೆಸರು ಬರೆಯದೆ ನಂಬರ್ ಮಾತ್ರ ಹಾಕಿದೆವು. ಹೆಸರಿನ ಚೀಟಿಗಳು ಅಧ್ಯಕ್ಷರ ಜೇಬಿನಲ್ಲಿದ್ದವು.

ಹಿಂದಿನ ಲಾಟಿನ ಹನ್ನೊಂದು ಸದಸ್ಯರಿಂದಲೂ, ಆ ವರ್ಷದ ಉಳಿಕೆ ಇದ್ದವರಿಂದ ಅದನ್ನೂ ಇಲ್ಲದವರಿಂದ ಹೊಸ ಬೀಜವನ್ನೂ ತರಿಸಿದೆವು. ನಾಲ್ಕನೆಯ ನಂಬರಿನ ಬಟ್ಟಲಿಗೆ ಬಂದಾಗ ಎಲ್ಲರೂ ಮುಖ ಸಿಂಡರಿಸಿದರು. ಹೊಗೆ, ಅದರ ಹಿಂದೆ ಅಡಿಕೆ ಚೊಗರಿನಂಥ ಒಗರು. ಐದು ಬಟ್ಟಲಿನಲ್ಲೂ ಅದೇ. ನಮಗೂ ಹಾಗೆಯೇ ಅನ್ನಿಸಿತು, ಜೋರಾಗಿಯೇ ಹೇಳಿದೆವು. ಇದು ಯಾರದ್ದೋ ಅವರು ಕಾಫಿ ಒಣಗಿಸುವುದನ್ನು ಮೊದಲು ಕಲಿಯಲಿ ಎಂದೂ ಹೇಳಿಬಿಟ್ಟೆವು.

ಅಧ್ಯಕ್ಷರು ಚೀಟಿ ಬಿಚ್ಚಿದರು. ನಾಲ್ಕನೆಯದು ಕಾರ್ಯದರ್ಶಿಗಳಾದ ನಮ್ಮ ತೋಟದ್ದೇ ಆಗಿತ್ತು.

ಒಣಗಿಸಿದ್ದು ಸರಿಯಾಗಿಯೇ ಇತ್ತು. ಮನೆಗೆ ಬಂದು ನೋಡಿದಾಗ ತಪ್ಪು ಎಲ್ಲಿದೆ ಎಂದು ತಿಳಿಯಿತು. ಪಾರ್ಚ್‌ಮೆಂಟಿನ ಮೂಟೆಗಳನ್ನು ನಾವು ಇಡುತ್ತಿದ್ದುದು ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟದಲ್ಲಿ. ಮಳೆಗಾಲದ ಶೀತ ತಾಗಬಾರದೆಂದು ತಂದೆಯವರ ಕಾಲದಿಂದ ಬಂದ ರೂಢಿ. ಕಾಫಿ ಬೀಜ ಹತ್ತಿರದ ವಾಸನೆಯನ್ನೆಲ್ಲ ಹೀರುತ್ತದೆಂದು ಇದೇ ಪತ್ರಿಕೆಯಲ್ಲಿ ನಾವೇ ಬರೆದದ್ದುಂಟು. ಅಡಿಕೆಯೂ ಕಾಫಿಯೂ ಇರುವ ಮನೆಗಳವರು ತಮ್ಮ ಅಟ್ಟವನ್ನೊಮ್ಮೆ ಹತ್ತಿ ನೋಡಬೇಕೆಂದು ಕೋರುತ್ತೇವೆ. ಗೊಬ್ಬರ, ಕಾಳುಮೆಣಸು, ಡೀಸೆಲ್ ಡಬ್ಬಿ, ಇವುಗಳ ನೆರೆಯೂ ಬೇಡ.

ಹಿಂದಿನ ಲಾಟಿನಲ್ಲಿ ಉಳಿದ ಹತ್ತು ಸದಸ್ಯರಿಗೆ ಬಿದ್ದ ನಷ್ಟವನ್ನು ನಮ್ಮ ಖಾತೆಗೆ ಹಾಕಬೇಕೆಂದು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇವೆ. ಮಂಡಳಿ ಅದನ್ನು ಮುಂದಿನ ಸಭೆಗೆ ಇಟ್ಟಿದೆ. ಆ ಹತ್ತರಲ್ಲಿ ಇಬ್ಬರು “ಬಿಡಿ ಕಾರ್ಯದರ್ಶಿಗಳೇ” ಎಂದಿದ್ದಾರೆ, ಒಬ್ಬರು ಏನೂ ಹೇಳಿಲ್ಲ. ಹೇಳದವರ ಮಾತನ್ನೂ ಕೇಳಬೇಕೆಂಬುದು ನಮ್ಮ ಇಚ್ಛೆ.

ಇನ್ನು ಮುಂದೆ ಪ್ರತಿ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಹತ್ತಕ್ಕೆ ಗೋದಾಮಿನಲ್ಲಿ ರುಚಿ ನೋಡುವ ಕಾರ್ಯ ನಡೆಯುವುದು. ಒಟ್ಟು ಲಾಟಿಗೆ ಸೇರಿಸಬೇಕೆನ್ನುವ ಸದಸ್ಯರು ಕಾಲು ಕಿಲೋ ಸಿಪ್ಪೆ ತೆಗೆದ ಬೀಜವನ್ನು ಹಿಂದಿನ ದಿನ ಸಂಜೆಯೊಳಗೆ ಕಚೇರಿಗೆ ತಲುಪಿಸಬೇಕು. ಬರುವವರು ಆ ಬೆಳಿಗ್ಗೆ ಎಲೆ ಅಡಿಕೆ ಹಾಕಿರಬಾರದು. ಮೇಜಿನ ಪಕ್ಕ ಪೀಕದಾನಿ ಇಟ್ಟಿದ್ದೇವೆ, ಅದು ಕಾಫಿಗೆ ಮಾತ್ರ.